ಎಂಟನೇ ನಂಬರಿನ ಹೊಸಿಲು

ನನಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ನಾನು ಡೈರಿಯಲ್ಲಿ ಬರೆದುಕೊಂಡದ್ದು ಹೊಂಬಾಳಮ್ಮನವರ ಮನೆ ಕಾಣೆಯಾದ ಹಿಂದಿನ ದಿನ. ಇಪ್ಪತ್ತಮೂರು ವರ್ಷಕ್ಕೇ ಹೀಗಾಗುತ್ತದೆಯೇ ಎಂದು ಯಾರನ್ನಾದರೂ ಕೇಳಬೇಕಿತ್ತು, ಆದರೆ ಕೇಳುವುದು ನನ್ನಿಂದ ಆಗುವ ಕೆಲಸವಲ್ಲ. ಬಸ್ಸಿನಲ್ಲಿ ‘ಇಳೀತೀನಿ’ ಎನ್ನಲು ನಾಚಿ ಒಂದು ಸ್ಟಾಪು ಮುಂದೆ ಹೋಗಿ ವಾಪಸು ನಡೆದು ಬರುವವಳು ನಾನು. ಆಗಿದ್ದಿಷ್ಟು. ಹೋದ ವರ್ಷದ ಡೈರಿಯಲ್ಲಿ ಏನನ್ನೋ ಹುಡುಕುತ್ತಿದ್ದಾಗ, ಹನ್ನೊಂದು ತಿಂಗಳ ಹಿಂದಿನ ನಾಲ್ಕು ಪುಟಗಳು ಕಣ್ಣಿಗೆ ಬಿದ್ದವು. ಅಕ್ಷರ ನನ್ನದೇ, ಹಸಿರು ಶಾಯಿಯೂ ನನ್ನದೇ. ‘ಕೊಡೆ ರಿಪೇರಿ ಕೆಂಚಪ್ಪ ಇವತ್ತೂ ಬಾವಿಕಟ್ಟೆಯ ಮೇಲೇ ಕೂತಿದ್ದ. ನನ್ನ ಕೊಡೆ ಇಸಿದುಕೊಂಡು ಮುರಿದ ಕಡ್ಡಿಗೆ ತಾಮ್ರದ ತಂತಿ ಸುತ್ತಿಕೊಟ್ಟ. ನಮ್ಮನೆ ಸಿಕ್ತಾ ತಾಯಿ ಅಂದ. ಇಲ್ಲ ಅನ್ನಲಾರದೆ ಬಂದುಬಿಟ್ಟೆ.’ ಈ ಕೆಂಚಪ್ಪ ಯಾರೋ ನನಗೆ ಗೊತ್ತಿರಲಿಲ್ಲ. ಮುಂದೆ ಓದಲು ಹೆದರಿ ಡೈರಿ ಮುಚ್ಚಿಬಿಟ್ಟೆ. ಅಮ್ಮನನ್ನು ಸುತ್ತುಬಳಸಿ ಕೇಳಿದೆ. “ಕೊಡೆ ರಿಪೇರಿಯವನಾ? ನಮ್ಮೂರಲ್ಲಿ ಯಾವತ್ತಿದ್ದ? ಕೊಡೆ ಮುರಿದ್ರೆ ಬಿಸಾಕೋದು, ಹೊಸದು ತರೋದು” ಅಂದಳು. ಒಳಗೆ ಹೋಗಿ ಮೂಲೆಯಲ್ಲಿದ್ದ ನನ್ನ ಕೊಡೆ ಬಿಚ್ಚಿ ನೋಡಿದೆ. ಮೂರನೇ ಕಡ್ಡಿಗೆ ತಾಮ್ರದ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಲಾಗಿತ್ತು. ಬಹುಶಃ ನಾನೇ ಸುತ್ತಿಕೊಂಡು, ನಾನೇ ಕಥೆ ಕಟ್ಟಿ, ನಾನೇ ಮರೆತಿದ್ದೇನೆ ಎಂದುಕೊಂಡು ಕೊಡೆ ಮಡಿಚಿಟ್ಟೆ.

ನಮ್ಮೂರಿನಲ್ಲಿ ಊರ ಪುಸ್ತಕದಲ್ಲಿ ಬರೆದದ್ದು ನಡೆಯುತ್ತದೆ. ಡೈರಿಯಲ್ಲಿ ಬರೆದದ್ದು ನಡೆಯುವುದಿಲ್ಲ. ನನಗೆ ಡೈರಿ ಇಷ್ಟವಾಗುವುದು ಅದಕ್ಕೇ.

ಮೊದಲು ಪುಸ್ತಕ ಶಾನುಭೋಗರ ಮನೆಯಲ್ಲಿತ್ತು. ಕೆಳಗಿನ ಬೀದಿಯ ಮನೆ ಮೇಲಿನ ಬೀದಿಗೆ ಬರಬೇಕೆಂದರೆ ಅವರು ಮೊದಲು ಎಲ್ಲವನ್ನೂ ಸ್ಲೇಟಿನ ಮೇಲೆ ಬರೆಯುತ್ತಿದ್ದರು: ಎಲ್ಲಿಂದ ತೆಗೆಯಬೇಕು, ಎಲ್ಲಿಗೆ ಸೇರಿಸಬೇಕು, ಒಳಗೆ ಯಾರಿದ್ದಾರೆ, ಹಿತ್ತಲಲ್ಲಿ ಕರು ಇದೆಯೇ. ಗಟ್ಟಿಯಾಗಿ ಓದುತ್ತಿದ್ದರು. ಆಮೇಲೆ ಉಸಿರೆಳೆದು, ಅದನ್ನು ಬಿಡುವುದರೊಳಗೆ ಪೂರ್ತಿ ಪುಸ್ತಕಕ್ಕೆ ಇಳಿಸುತ್ತಿದ್ದರು. ನಡುವೆ ಕೆಮ್ಮು ಬಂದರೆ, ಬಾಗಿಲಲ್ಲಿ ಯಾರಾದರೂ ಕೂಗಿದರೆ ಅಷ್ಟೂ ಲೆಕ್ಕಕ್ಕಿಲ್ಲ, ಮತ್ತೆ ಸ್ಲೇಟಿನಿಂದ ಶುರು. ಒಂದುಸಿರು ಎಂದೇ ಊರವರು ಅದನ್ನು ಕರೆಯುತ್ತಿದ್ದರು. ಈಗ ಪುಸ್ತಕವೆಂದರೆ ಡೇಟಾಬೇಸು, ಶಾನುಭೋಗರೆಂದರೆ ಎಲ್ಲರ ಫೋನಿನಲ್ಲಿರುವ ಊರ ಆ್ಯಪು. ಸ್ಲೇಟು ನಮ್ಮ ಬರಹದ ಕಚೇರಿಯ ಗೋಡೆಯಲ್ಲಿ ಗಾಜಿನ ಹಿಂದೆ ತೂಗುತ್ತಿದೆ. ಹಳೆಯ ಪದ್ಧತಿಯಲ್ಲಿ ಉಳಿದಿರುವುದು ಒಂದೇ. ತಿಂಗಳ ಸಭೆಯ ದಿನ ಮೈಕಿನ ಮುಂದೆ ಒಬ್ಬರು ನಿಂತು ಒಂದು ವಾಕ್ಯ ಓದಬೇಕು, ಅದು ಒಂದೇ ಉಸಿರಿನಲ್ಲಿ ಮುಗಿದರೆ ಪುಸ್ತಕಕ್ಕೆ ಹೋಗುತ್ತದೆ. ಓದುವ ಕೆಲಸ ಕಚೇರಿಯಲ್ಲಿ ಎಲ್ಲರಿಗಿಂತ ಹೊಸಬರದು. ಒಂದೂವರೆ ವರ್ಷದಿಂದ ನಾನೇ ಹೊಸಬಳು. ಬಿ.ಎಸ್ಸಿ. ಮುಗಿಸಿ ಆ್ಯಪಿನ ಕೋಡು ಬರೆಯಲು ಸೇರಿದವಳು.

ಮಂಗಳವಾರ ಬೆಳಿಗ್ಗೆ, ಟೈಲರ್ ಹೊಂಬಾಳಮ್ಮ ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ ಹಿಡಿದುಕೊಂಡು ಕಚೇರಿಯ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದರು. ಐವತ್ತು ದಾಟಿದ ಹೆಂಗಸು, ಕತ್ತಿನಲ್ಲಿ ಸದಾ ಅಳತೆ ಟೇಪು. ನಾನು ಬಾಗಿಲ ಬಳಿ ಬಂದಾಗ ಅವರು ಒಳಗೆ ಬರಲು ನೋಡಿದರು. ಬಾಗಿಲು ತೆರೆದೇ ಇತ್ತು, ಆದರೂ ಅವರ ಕಾಲು ಒಳಗೆ ಬರಲಿಲ್ಲ. ನೀರಿನಲ್ಲಿ ಬೆಂಡು ಮುಳುಗಿಸಲು ಹೋದ ಹಾಗೆ ಹಿಂದಕ್ಕೆ ತೇಲಿತು.

“ನೋಡವ್ವಾ, ಯಾವ ಬಾಗಿಲೂ ನನ್ನ ಬಿಟ್ಕೊಳ್ತಿಲ್ಲ. ನಾನು ಸಂತೇಲಿದ್ದೆ. ಮನೇಲಿ ನನ್ನ ತಂಗಿ ನಂಜಮಣಿ ಹುಳಿಗೆ ಇಟ್ಟು, ಕೊತ್ತಂಬರಿ ತಾ ಅಂತ ಅಟ್ಟಿದ್ಲು. ಮೇಲಿನ ಬೀದಿ ಏಳನೇ ನಂಬರು ಖಾಲಿ ಐತೆ, ಸಂತೆಗೂ ಹತ್ರ, ಅಲ್ಲಿಗೇ ಮನೆ ಬದಲಿ ಮಾಡ್ಕೊಂಡ್ರೆ ನಡೆಯೋದು ಉಳೀತದೆ ಅಂತ ಅಲ್ಲೇ ನಿಂತು ಫೋನಲ್ಲಿ ಒತ್ತಿದೆ. ಏಳಕ್ಕೆ ಹೋದ್ರೆ ಅಲ್ಲಿ ಯಾವನೋ ಸೈಕಲ್ ಅಂಗಡಿ. ಕೆಳಗಿನ ಬೀದಿಗೆ ಓಡಿ ಬಂದ್ರೆ ಹದಿನಾಲ್ಕೂ ಹದಿನಾರೂ ಗೋಡೆಗೆ ಗೋಡೆ ಅಂಟ್ಕೊಂಡು ನಿಂತವೆ. ನಮ್ಮ ಹದಿನೈದು ಎಲ್ಲವ್ವಾ? ನಂಜಮಣಿ ಎಲ್ಲಿ?”

ನಮ್ಮ ಮುಖ್ಯಸ್ಥರು ಹಾಲೇಶಪ್ಪ ಸಾರ್, ಆ್ಯಪನ್ನು ಮೊದಲಿನಿಂದ ಕಟ್ಟಿದವರು. ಕಿಟಕಿಯಿಂದಲೇ ಕೇಳಿಸಿಕೊಂಡರು. ಕೆಟ್ಟವರಲ್ಲ, ಎಲ್ಲರ ಹುಟ್ಟುಹಬ್ಬಕ್ಕೂ ಮೈಸೂರು ಪಾಕು ತರುವವರು. “ಎರಡು ಸಲ ಒತ್ತಿರ್ಬೇಕು ಕಣಮ್ಮ. ಈ ವಯಸ್ಸಿನವರದ್ದು ಇದೇ ಗೋಳು. ಬೆರಳು ಒಂದು ಕಡೆ, ಬುದ್ಧಿ ಒಂದು ಕಡೆ.”

“ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿರೋ ಬೆರಳು ಸ್ವಾಮಿ ಇದು!” ಹೊಂಬಾಳಮ್ಮ ಕೆಳಗಿನಿಂದಲೇ ಕೂಗಿದರು. “ಒಂದೇ ಸಲ ಒತ್ತಿದ್ದು.”

ನಾನು ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಯಾಕೆಂದರೆ ‘ಮನೆ ಬದಲಿ’ ಎಂಬ ಗುಂಡಿಯನ್ನು ಬರೆದವಳು ನಾನು. ಕೆಲಸಕ್ಕೆ ಸೇರಿದ ಮೂರನೇ ವಾರ, ಎರಡೇ ಸಾಲಿನಲ್ಲಿ. ಸಾರ್ ಬರೆದಿಟ್ಟಿದ್ದ ಫಂಕ್ಷನ್ನುಗಳಲ್ಲಿ, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಂಡುಗಳಲ್ಲಿ, ಒಂದು ಮನೆಯನ್ನು ತೆಗೆಯುತ್ತಿತ್ತು, ಇನ್ನೊಂದು ಸೇರಿಸುತ್ತಿತ್ತು. ನಾನು ಒಂದರ ಕೆಳಗೆ ಒಂದನ್ನು ಕರೆದಿದ್ದೆ, ಅಷ್ಟೇ. ಎಷ್ಟು ಚಿಕ್ಕದಾಗಿ ಬರೆದಿದ್ದೀಯಮ್ಮ ಎಂದು ಸಾರ್ ಬೆನ್ನು ತಟ್ಟಿದ್ದರು. ಈಗ ತೆಗೆದು ನೋಡಿದೆ. ಸಾರ್ ಬರೆದ ಪ್ರತಿ ಫಂಕ್ಷನ್ನೂ ತಾನೇ ಉಸಿರೆಳೆದು, ತಾನೇ ಬರೆದು, ತಾನೇ ಉಸಿರು ಬಿಡುತ್ತಿತ್ತು. ತೆಗೆಯುವುದು ಒಂದು ಉಸಿರು, ಸೇರಿಸುವುದು ಇನ್ನೊಂದು. ಹೊಂಬಾಳಮ್ಮ ಒತ್ತಿದ ನಿಮಿಷದಲ್ಲೇ ಏಳನೇ ನಂಬರಿಗೆ ಸೈಕಲ್ ಅಂಗಡಿ ಬಂದು ಕೂತಿತ್ತು. ಸೇರಿಸುವ ಫಂಕ್ಷನ್ನು ಜಾಗವಿಲ್ಲ ಎಂದು ಸರಿಯಾಗಿಯೇ ನಿರಾಕರಿಸಿತು. ಅಷ್ಟರಲ್ಲಿ ತೆಗೆಯುವ ಫಂಕ್ಷನ್ನು ತನ್ನ ಕೆಲಸ ಮುಗಿಸಿ, ಪುಸ್ತಕ ಮುಚ್ಚಿ ಎದ್ದು ಹೋಗಿತ್ತು. ಎರಡು ಉಸಿರಿನ ನಡುವೆ ಒಂದು ಮನೆ, ಒಳಗೆ ಒಬ್ಬ ಹೆಂಗಸು, ಒಲೆಯ ಮೇಲೆ ಹುಳಿ.

ಮಾರನೇ ದಿನ ಸಾರ್ ಕೈಯಾರೆ ಸರಿಮಾಡಲು ಕೂತರು. ತೆಗೆದ ಸಾಲುಗಳು ತಿಂಗಳ ಸಭೆಯವರೆಗೆ ಒಂದು ಪಟ್ಟಿಯಲ್ಲಿ ಉಳಿದಿರುತ್ತವೆ, ಸಭೆ ಮುಗಿದ ಮೇಲೆ ಅಳಿಯುತ್ತವೆ. ಆ ಪಟ್ಟಿಯಿಂದ ಮನೆಯನ್ನು ಮೇಲಿನ ಬೀದಿಯ ಎಂಟನೇ ನಂಬರಿಗೆ ತುಂಡುತುಂಡಾಗಿ ಸೇರಿಸಿದರೆ ಆಯಿತು ಎಂಬುದು ಅವರ ಲೆಕ್ಕ. ಮೊದಲ ತುಂಡು ಹೋಯಿತು. ಎರಡನೆಯದನ್ನು ಪುಸ್ತಕ ಒಪ್ಪಲಿಲ್ಲ. ಜನವಿಲ್ಲದ ಮನೆಯನ್ನು ಅದು ಒಪ್ಪುವುದಿಲ್ಲ, ಮನೆಯಿಲ್ಲದ ಜನವನ್ನೂ ಒಪ್ಪುವುದಿಲ್ಲ. ತೆಗೆಯುವುದಕ್ಕೆ ಅಷ್ಟೊಂದು ನಿಯಮಗಳಿಲ್ಲ, ಎಲ್ಲ ನಿಯಮಗಳೂ ಸೇರಿಸುವುದಕ್ಕೇ. ಹಾಗಾಗಿ ಮೇಲಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ, ಒಂದು ಹೊಸಿಲು ಮಾತ್ರ ಬಂದು ನಿಂತಿತು. ಅರಿಸಿನ ಕುಂಕುಮ ಇಟ್ಟ ಮರದ ಹೊಸಿಲು, ಅದರ ಮುಂದೆ ನಂಜಮಣಿ ಮಂಗಳವಾರ ಬೆಳಿಗ್ಗೆ ಬಿಟ್ಟ ಎಂಟು ಎಳೆಯ ರಂಗೋಲಿ. ಹಿಂದೆ ಗೋಡೆಯಿಲ್ಲ, ಮೇಲೆ ಸೂರಿಲ್ಲ. ಗಾಳಿ ಬೀಸಿದರೂ ರಂಗೋಲಿ ಅಳಿಸುತ್ತಿರಲಿಲ್ಲ.

ಹೊಂಬಾಳಮ್ಮ ಹೋಗಿ ಆ ಹೊಸಿಲ ಮೇಲೆ ಕೂತರು. ಪುಸ್ತಕದಲ್ಲಿ ಹೆಸರಿಲ್ಲದವರನ್ನು ಯಾವ ಬಾಗಿಲೂ ಬಿಟ್ಟುಕೊಳ್ಳುವುದಿಲ್ಲ, ಊರಿನಲ್ಲಿ ಅವರನ್ನು ಬಿಟ್ಟುಕೊಂಡದ್ದು ಅದೊಂದೇ. ಎದುರು ಮನೆಯ ಮುದುಕಿ “ಹೊಸಿಲ ಮೇಲೆ ಕೂರಬಾರದು ಕಣೇ, ಅಪಶಕುನ” ಎಂದು ಕಿಟಕಿಯಿಂದ ಬೈದಳಂತೆ. “ಒಳಗೂ ಇಲ್ಲ ಹೊರಗೂ ಇಲ್ಲ ನಾನು. ಇನ್ನೆಲ್ಲಿ ಕೂರ್ಲಿ, ನಿನ್ನ ತಲೆ ಮೇಲಾ?” ಎಂದರಂತೆ ಇವರು. ಅಲ್ಲಿಗೆ ಜಗಳ ಮುಗಿದು ಅದೇ ಕಿಟಕಿಯಿಂದ ಉಪ್ಪಿಟ್ಟು ಬರತೊಡಗಿತು. ಬಾಗಿಲಿಗಿರುವ ನಿಯಮ ಕಿಟಕಿಗಿಲ್ಲ ಎಂಬುದು ಬೀದಿಗೆಲ್ಲ ಗೊತ್ತಾಯಿತು. ಸೈಕಲ್ ಅಂಗಡಿಯವನು ತನ್ನದೇ ತಪ್ಪೇನೋ ಎಂಬಂತೆ ನಾಲ್ಕು ಬಿದಿರ ಗಳು ನೆಟ್ಟು ಟಾರ್ಪಾಲು ಕಟ್ಟಿಕೊಟ್ಟ. ಹೊಲಿಗೆ ಮೆಷಿನ್ನು ಮನೆಯ ಜೊತೆಗೇ ಹೋಗಿತ್ತು. ಹೆಂಗಸರು ರವಿಕೆ ತಂದು ಕೊಟ್ಟರು, ಇವರು ಅಲ್ಲೇ ಕೂತು ಕೈಯಲ್ಲಿ ಹೆಮ್ಮಿಂಗು ಮಾಡಿಕೊಟ್ಟರು. ನಾಲ್ಕನೇ ದಿನದ ಹೊತ್ತಿಗೆ ಜನ ‘ಹೊಸಿಲ ಹತ್ರ ಕೊಟ್ಟು ಬಾ’ ಎಂದು ಹೇಳುವುದು ಸಹಜವಾಗಿಬಿಟ್ಟಿತ್ತು. ನನಗೆ ಭಯವಾದದ್ದು ಆಗ. ನಮ್ಮೂರು ಯಾವುದಕ್ಕೆ ಬೇಕಾದರೂ ಬೇಗ ಹೊಂದಿಕೊಂಡುಬಿಡುತ್ತದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಅಲ್ಲಿಗೆ ಹೋಗತೊಡಗಿದೆ. ಏನೂ ಮಾತಾಡದೆ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಅವರೇ ಕೇಳಿದರು: “ಅದೇನವ್ವಾ ಬಂದು ಬಂದು ದೇವ್ರ ಮುಂದೆ ನಿಂತಂಗೆ ನಿಂತ್ಕೋತೀಯ? ಏನಾರ ಹೇಳ್ಬೇಕಾ?” ಹೂಂ ಅನ್ನಬೇಕಿತ್ತು. “ಕೊತ್ತಂಬರಿ ಒಣಗಿಹೋಯ್ತು” ಅಂದೆ. ಅವರು ಕಟ್ಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. “ಒಣಗ್ಲಿ. ಅವಳು ತಾ ಅಂದಿದ್ದು, ತಂದಿದೀನಿ” ಎಂದರು. ಆ ದಿನ ಡೈರಿಯಲ್ಲಿ ಎರಡು ಪುಟ ಬೈದುಕೊಂಡೆ, ನನ್ನನ್ನೇ.

ಐದನೇ ದಿನ ಸಾರ್ ಕರೆದು ಹೇಳಿದರು, “ನೋಡಮ್ಮ, ಎಂಟರಲ್ಲಿ ‘ಹೊಸ ಮನೆ’ ಅಂತ ಬರೆದುಬಿಡೋಣ. ಆ ಫಂಕ್ಷನ್ನು ಒಂದೇ ತುಂಡು, ತೊಂದರೆ ಕೊಡಲ್ಲ. ಹೊಂಬಾಳಮ್ಮಂಗೆ ಸೂರು ಆಯ್ತು, ನಮಗೆ ತಲೆನೋವು ಹೋಯ್ತು.”

“ನಂಜಮಣಿ, ಸಾರ್?”

“ಹೊಸ ಮನೇಲಿ ನಂಜಮಣಿ ಎಲ್ಲಿಂದ ಬರ್ತಾಳೆ?”

ಹಳೆಯ ಮೈಸೂರು ಪಾಕಿನ ಡಬ್ಬಿ ಅವರ ಮೇಜಿನ ಮೇಲಿತ್ತು. ಅದನ್ನೇ ನೋಡುತ್ತಾ ಹೇಳಿದೆ, ಫಂಕ್ಷನ್ನುಗಳನ್ನು ತಿದ್ದಿದರೆ ಹಳೆಯ ಮನೆಯನ್ನೇ ಇಡಿಯಾಗಿ ತರಬಹುದು ಎಂದು. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು. “ಎಷ್ಟು ಫಂಕ್ಷನ್ನಿದೆ ಗೊತ್ತಾ? ಅರವತ್ತೊಂದು. ಅಷ್ಟನ್ನೂ ಮುಟ್ತೀಯಾ? ಒಂದು ಇಲಿ ಹಿಡಿಯೋಕೆ ಮನೆ ಕೆಡವಿದ ಹಾಗಾಯ್ತು. ನಾನು ಒಪ್ಪಿಗೆ ಕೊಡಲ್ಲ. ಹತ್ತು ವರ್ಷ ನಡೆದಿದೆ ಇದು.” ಸುಮ್ಮನೆ ತಲೆಯಾಡಿಸಿ ಬಂದೆ. ತಲೆಯಾಡಿಸಿದ್ದು ಅವರ ಮಾತಿಗಲ್ಲ ಎಂದು ಅವರಿಗೆ ಗೊತ್ತಾಗಲಿಲ್ಲ. ನನ್ನಂಥವರಿಗೆ ಇದೊಂದು ಅನುಕೂಲವಿದೆ. ನಾವು ಸುಮ್ಮನಿದ್ದರೆ ಒಪ್ಪಿದ್ದೇವೆ ಎಂದೇ ಎಲ್ಲರೂ ತಿಳಿಯುತ್ತಾರೆ.

ಮೊದಲು ಸುಲಭದ ದಾರಿ ನೋಡಿದೆ. ಎರಡು ಫಂಕ್ಷನ್ನುಗಳ ಸುತ್ತ ಒಂದು ದೊಡ್ಡ ಉಸಿರನ್ನು ಹಾಕಿದೆ, ಪುಸ್ತಕದ ಖಾಲಿ ನಕಲಿನಲ್ಲಿ ನಡೆಸಿ ನೋಡಿದೆ. ಒಳಗಿನ ಫಂಕ್ಷನ್ನು ತನ್ನ ಕೆಲಸ ಮುಗಿದ ಕೂಡಲೇ ಹೊರಗಿನ ಉಸಿರನ್ನೂ ಸೇರಿಸಿ ಬಿಟ್ಟುಬಿಟ್ಟಿತು. ಊದುತ್ತಿರುವ ಬೆಲೂನಿನ ಬಾಯನ್ನು ಇನ್ನೊಬ್ಬರು ಬಿಚ್ಚಿದ ಹಾಗೆ. ಊಟದ ಡಬ್ಬಿ ಮುಚ್ಚಿಟ್ಟು ಗೋಡೆಯ ಸ್ಲೇಟಿನ ಮುಂದೆ ಹೋಗಿ ನಿಂತೆ. ಶಾನುಭೋಗರಿಗೆ ಸಹಾಯಕರಿದ್ದರಂತೆ. ಒಬ್ಬ ನಂಬರು ಹೇಳುತ್ತಿದ್ದ, ಒಬ್ಬ ಹೆಸರು ಹೇಳುತ್ತಿದ್ದ, ಒಬ್ಬ ಮಸಿ ಅದ್ದಿಕೊಡುತ್ತಿದ್ದ. ಅವರಲ್ಲಿ ಯಾರೂ ತಮ್ಮ ಕೆಲಸ ಮುಗಿಯಿತೆಂದು ಪುಸ್ತಕ ಮುಚ್ಚುತ್ತಿರಲಿಲ್ಲ. ಉಸಿರು ಒಬ್ಬರದೇ. ಉಳಿದವರು ಅದರೊಳಗೆ ಕೆಲಸ ಮಾಡುತ್ತಿದ್ದರು.

ಅಷ್ಟೇ ಬೇಕಾಗಿದ್ದದ್ದು. ಅರವತ್ತೊಂದು ಫಂಕ್ಷನ್ನುಗಳಿಂದಲೂ ಉಸಿರೆಳೆಯುವ ಸಾಲು, ಉಸಿರು ಬಿಡುವ ಸಾಲು ಎರಡನ್ನೂ ಕಿತ್ತೆ. ಪ್ರತಿಯೊಂದಕ್ಕೂ ಉಸಿರನ್ನು ಹೊರಗಿನಿಂದ ಕೊಡುವಂತೆ ಮಾಡಿದೆ. ಕೊಡದಿದ್ದರೆ ಅದು ಬರೆಯುವುದೇ ಇಲ್ಲ. ಈಗ ಅವನ್ನು ಹೂವಿನಂತೆ ಎಷ್ಟು ಬೇಕಾದರೂ ಪೋಣಿಸಬಹುದು, ಗಂಟು ಮಾತ್ರ ಕೊನೆಯಲ್ಲಿ ಒಂದೇ. ಗಂಟು ಬೀಳದಿದ್ದರೆ ಹೂವೆಲ್ಲ ಬುಟ್ಟಿಗೇ ವಾಪಸು. ಪ್ರತಿ ಹಂತದಲ್ಲೂ ಬೇಕೆಂದೇ ಕೆಡಿಸಿ ನೋಡಿದೆ. ಎರಡನೆಯದರಲ್ಲಿ ಕೆಡಿಸಿದೆ, ಐದನೆಯದರಲ್ಲಿ ಕೆಡಿಸಿದೆ, ಕೊನೆಯದಕ್ಕೆ ಮೊದಲು ಕೆಡಿಸಿದೆ. ನಕಲು ಪುಸ್ತಕ ಪ್ರತಿ ಸಲವೂ ಮೊದಲಿದ್ದ ಹಾಗೇ ಉಳಿಯಿತು. ಮೂರು ದಿನ ಹಿಡಿಯಿತು. ಸಾರ್ ನನ್ನ ಪರದೆಯ ಹಿಂದೆ ಹಾದುಹೋದಾಗಲೆಲ್ಲ ಬೇರೆ ಕಿಟಕಿ ತೆರೆಯುತ್ತಿದ್ದೆ. ಅದು ನನಗೇ ಹೊಸತು.

ಒಂಬತ್ತನೇ ದಿನ, ಸಭೆಯ ಮುನ್ನಾದಿನ ಮಧ್ಯಾಹ್ನ, ಕಚೇರಿಯ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಹೊಸಿಲ ಬಳಿ ಹೋದೆ. ಒಪ್ಪಿಗೆಯ ಚೀಟಿ ನನ್ನ ಬಳಿ ಇರಲಿಲ್ಲ. ಹೊಂಬಾಳಮ್ಮನವರ ಪಕ್ಕ, ನೆಲದ ಮೇಲೆ ಕೂತು, “ಒಂದು ಸಲ ನೋಡ್ತೀನಿ ಅಮ್ಮ” ಅಂದೆ. ಅವರು ಸೂಜಿಯನ್ನು ರವಿಕೆಗೆ ಚುಚ್ಚಿಟ್ಟರು. ನಾನು ಉಸಿರು ಹಿಡಿದು ಒತ್ತಿದೆ.

ಏನೂ ಆಗಲಿಲ್ಲ. ಪರದೆಯ ಮೇಲೆ ಕೆಂಪು ಸಾಲೊಂದು ಬಂತು. ಟಾರ್ಪಾಲು ಗಾಳಿಗೆ ಪಟಪಟ ಎಂದಿತು. ಹೊಂಬಾಳಮ್ಮ ನನ್ನ ಮುಖ ನೋಡಿ ಕಣ್ಣು ಕೆಳಗೆ ಹಾಕಿದರು. ತೆಗೆದ ಸಾಲುಗಳ ಪಟ್ಟಿಯನ್ನು ತೆರೆದು ನೋಡಿದೆ. ಮನೆ ಇತ್ತು, ಮೆಷಿನ್ನು ಇತ್ತು, ಹೊಂಬಾಳಮ್ಮ ಇದ್ದರು, ನಂಜಮಣಿ ಇದ್ದಳು. ಒಂದು ಸಾಲೂ ಅಲುಗಿರಲಿಲ್ಲ. ನನಗೆ ನಗು ಬಂದುಬಿಟ್ಟಿತು, ಬೀದಿಯಲ್ಲಿ ಗಟ್ಟಿಯಾಗಿ ನಕ್ಕೆ. “ಸೋತು ನಗ್ತೀಯಲ್ಲೇ ಹುಚ್ಚಿ” ಅಂದರು ಅವರು. “ಇಡೀ ಸೋತಿದೆ ಅಮ್ಮ, ಅರ್ಧ ಸೋತಿಲ್ಲ” ಅಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ.

ಕೆಂಪು ಸಾಲು ಹೇಳುತ್ತಿದ್ದದ್ದು ಸರಳವಾಗಿತ್ತು. ಎಂಟನೇ ನಂಬರಿನಲ್ಲಿ ಆಗಲೇ ಒಂದು ಹೊಸಿಲು ಇದೆ, ಇನ್ನೊಂದನ್ನು ಎಲ್ಲಿಡಲಿ? ಸಾರ್ ಬಿಟ್ಟುಹೋದ ತುಂಡು. ನಾನು ಮಾಲೆಯ ಮೊದಲಿಗೆ ಇನ್ನೊಂದು ಹೂವು ಸೇರಿಸಿದೆ: ಇರುವ ಹೊಸಿಲನ್ನು ತೆಗೆ. ಆಮೇಲೆ ಹೇಳಿದೆ, “ಏಳಿ ಅಮ್ಮ. ಇದರ ಮೇಲಿಂದ ಏಳಬೇಕು.”

ಎಂಟು ದಿನ ಅವರನ್ನು ಹಿಡಿದುಕೊಂಡದ್ದು ಆ ಮರದ ತುಂಡು ಒಂದೇ. “ಇದೂ ಹೋದ್ರೆ?” ಅಂದರು. ಮೊದಲ ಸಲ ಅವರ ದನಿ ನನ್ನ ದನಿಯಷ್ಟು ಸಣ್ಣಗಾಗಿತ್ತು.

“ಹೋದರೆ ಎಲ್ಲ ಬರುತ್ತೆ. ಬರದಿದ್ದರೆ ಇದೂ ಹೋಗಲ್ಲ.”

ಅವರು ಎದ್ದರು. ಕೊತ್ತಂಬರಿ ಕಟ್ಟನ್ನು ಎತ್ತಿಕೊಂಡು ಬೀದಿಗೆ ಇಳಿದು ನಿಂತರು. ಎದುರು ಕಿಟಕಿಯಲ್ಲಿ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಒತ್ತಿದೆ. ಸದ್ದೇನೂ ಇರಲಿಲ್ಲ. ಮೊದಲು ಇರಲಿಲ್ಲ, ಆಮೇಲೆ ಇತ್ತು. ಬಿಳಿ ಸುಣ್ಣದ ಗೋಡೆ, ತುಕ್ಕು ಹಿಡಿದ ಕಿಟಕಿ ಸರಳು, ‘ಇಲ್ಲಿ ಫಾಲ್ ಹಾಕಿಕೊಡಲಾಗುವುದು’ ಎಂಬ ರಟ್ಟು. ಟಾರ್ಪಾಲು ಸೂರಿನ ಮೇಲೆ ಸಿಕ್ಕಿಕೊಂಡಿತ್ತು. ಹುಳಿ ಕುದಿಯುವ ವಾಸನೆ ಬೀದಿಗೆ ಬಂತು. ಒಳಗಿನಿಂದ ನಂಜಮಣಿ ಸೌಟು ಹಿಡಿದುಕೊಂಡು ಬಂದಳು. “ಒಂದು ಕಟ್ಟು ಕೊತ್ತಂಬರಿಗೆ ಇಷ್ಟೊತ್ತಾ ಅಕ್ಕಾ? ಅಯ್ಯೋ, ಇದೇನಿದು ಒಣಗಿದ್ದು ತಂದಿದೀಯ? ಸಂತೇಲಿ ಕಣ್ಣು ಕಾಣ್ಲಿಲ್ವಾ?” ಹೊಂಬಾಳಮ್ಮ ಹೊಸಿಲು ದಾಟಿ ಒಳಗೆ ಹೋದರು. ಕಾಲು ತೇಲಲಿಲ್ಲ. ಅವರು ಅತ್ತದ್ದನ್ನು ನಾನು ನೋಡಲಿಲ್ಲ, ಕೇಳಿದೆ ಅಷ್ಟೇ.

ಕಚೇರಿಗೆ ಬಂದಾಗ ಹಾಲೇಶಪ್ಪ ಸಾರ್‌ಗೆ ಸುದ್ದಿ ತಲುಪಿತ್ತು. ಬೈಯುತ್ತಾರೆ ಎಂದುಕೊಂಡಿದ್ದೆ. ಕುರ್ಚಿ ತೋರಿಸಿದರು. “ಆಯ್ತಲ್ಲಮ್ಮ, ಒಳ್ಳೇದಾಯ್ತು. ಒಪ್ಪಿಗೆ ಇಲ್ದೆ ಮಾಡಿದೆ, ಆದ್ರೂ ಇರಲಿ. ನಾಳೆ ಸಭೇಲಿ ಓದೋದನ್ನ ಓದಿಬಿಡು, ಎಲ್ಲ ಸರಿಹೋಗುತ್ತೆ.” ಚೀಟಿ ಕೊಟ್ಟರು. ಪ್ರತಿ ತಿಂಗಳು ಓದುತ್ತಿದ್ದ ಅದೇ ವಾಕ್ಯ: ಈ ತಿಂಗಳು ನಮ್ಮೂರಿನಲ್ಲಿ ಯಾರೂ ನಡುವೆ ಉಳಿಯಲಿಲ್ಲ.

“ಉಳಿದಿದ್ದರಲ್ಲ ಸಾರ್.”

“ಪುಸ್ತಕಕ್ಕೆ ಹೋದ ಮೇಲೆ ಉಳಿದಿರಲ್ಲ. ಅವರಿಗೂ ನೆನಪಿರಲ್ಲ, ಬೀದಿಯವರಿಗೂ ಇರಲ್ಲ. ನಿನಗೂ ಇರಲ್ಲ, ಹಗುರ ಆಗ್ತೀಯ. ನಾಡಿದ್ದು ನಾನು ಹಳೇ ಕೋಡನ್ನೇ ವಾಪಸ್ ಹಾಕ್ತೀನಿ, ಮರೀದಿರ್ಲಿ ಅಂತ ಬರೆದಿಟ್ಕೊಂಡಿದೀನಿ. ನೀನು ಅರವತ್ತೊಂದು ಕಡೆ ಯಾಕೆ ಮುಟ್ಟಿದ್ದೆ ಅಂತ ನೀನೇ ಕೇಳಲ್ಲ.” ನಕ್ಕು ಮೈಸೂರು ಪಾಕಿನ ಡಬ್ಬಿ ಮುಂದೆ ತಳ್ಳಿದರು. ತಮಾಷೆಯಾಗಿ ಅಲ್ಲ, ನಿಜವಾಗಿಯೂ ನನಗೆ ಉಪಕಾರ ಮಾಡುತ್ತಿರುವವರ ಹಾಗೆ.

ಸಂಜೆ ಚೀಟಿ ಹಿಡಿದುಕೊಂಡು ಹೊಂಬಾಳಮ್ಮನವರ ಮನೆಗೆ ಹೋದೆ. ನಂಜಮಣಿ ಹುಳಿ ಅನ್ನ ಬಡಿಸಿದಳು. ನಾನು ತಲೆ ತಗ್ಗಿಸಿಕೊಂಡೇ ವಿಷಯ ಹೇಳಿದೆ, ಮರೆತುಹೋಗುತ್ತದೆ, ನಿಮಗೂ ಒಳ್ಳೆಯದೇನೋ ಎಂದು. ಅವರು ಮೆಷಿನ್ನಿನ ಪೆಡಲು ನಿಲ್ಲಿಸಿದರು. “ನನ್ನ ಒಂಬತ್ತು ದಿನ ನನ್ನವು ಕಣವ್ವಾ. ಆ ಹೊಸಿಲ ಮೇಲೆ ಕೂತು ಏಳು ರವಿಕೆಗೆ ಹೆಮ್ಮಿಂಗು ಹಾಕಿದೀನಿ. ನಾನು ಅಲ್ಲಿ ಇರ್ಲೇ ಇಲ್ಲ ಅಂದ್ರೆ ಆ ಹೊಲಿಗೆ ಹಾಕಿದ್ದು ಯಾರು? ಹಾಕ್ಸಿಕೊಂಡೋರು ರವಿಕೆ ತಿರುವಿ ನೋಡಿ ಏನಂದ್ಕೋಬೇಕು?”

ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಮೂರನೇ ಕಡ್ಡಿ. ತಾಮ್ರದ ತಂತಿ.

ಮನೆಗೆ ಓಡಿ ಬಂದು ಹಳೆಯ ಡೈರಿ ತೆಗೆದೆ. ಕೆಂಚಪ್ಪನ ನಾಲ್ಕು ಪುಟಗಳು ಹೋದ ವರ್ಷದ ಒಂದು ತಿಂಗಳ ಕೊನೆಯ ವಾರದವು. ಹೋದ ಸಲ ಓದದೆ ಬಿಟ್ಟಿದ್ದ ನಾಲ್ಕನೇ ಪುಟದ ಕೊನೆಯಲ್ಲಿ ಇದ್ದದ್ದು: ‘ಮನೆ ಬದಲಿ ಒತ್ತಿದ್ದನಂತೆ. ಗುಂಡಿ ನನ್ನದು. ನಾಳೆ ಸಭೆಯಲ್ಲಿ ಸಾರ್ ಕೊಟ್ಟ ವಾಕ್ಯ ಓದಬೇಕು. ಬೇರೇನು ಹೇಳುವ ಧೈರ್ಯ ನನಗೆಲ್ಲಿದೆ.’ ಮುಂದಿನ ಪುಟದಲ್ಲಿ, ಅದೇ ಹಸಿರು ಶಾಯಿಯಲ್ಲಿ: ‘ಸಭೆ ಚೆನ್ನಾಗಿ ಆಯಿತು. ಮನಸ್ಸು ಹಗುರ. ಯಾಕೋ ಗೊತ್ತಿಲ್ಲ.’ ನನಗೆ ಮರೆವಿನ ಕಾಯಿಲೆ ಇರಲಿಲ್ಲ. ನಾನು ಓದಿದ್ದೆ, ಅಷ್ಟೇ. ಸಭೆ ಮುಗಿದ ಮೇಲೆ ತೆಗೆದ ಸಾಲುಗಳ ಪಟ್ಟಿ ಅಳಿಯಿತು, ಪಟ್ಟಿಯ ಜೊತೆ ಅವನ ಮನೆ, ಮನೆಯ ಜೊತೆ ಅವನು. ನನ್ನ ಗುಂಡಿಗೂ ಮುಂಚೆ ಇದೇ ಫಂಕ್ಷನ್ನುಗಳನ್ನು ಬೇರೆಬೇರೆಯಾಗಿ ಒತ್ತಿ ನಡುವೆ ಉಳಿದವರು ಇನ್ನೆಷ್ಟು ಜನವೋ, ಅವರ ಕಾಲದಲ್ಲಿ ಓದಿದವರು ಡೈರಿ ಬರೆಯುತ್ತಿದ್ದರೋ ಇಲ್ಲವೋ.

ಸಭೆಗೆ ಊರೆಲ್ಲ ಬಂದಿತ್ತು. 
ಹೊಂಬಾಳಮ್ಮ ಮತ್ತು ನಂಜಮಣಿ ಮೂರನೇ ಸಾಲಿನಲ್ಲಿ ಕೂತಿದ್ದರು. ಬಾಗಿಲು ಅವರನ್ನು ತಡೆದಿರಲಿಲ್ಲ. ಬಿಸಿಲಿತ್ತು, ಆದರೂ ನಾನು ಕೊಡೆ ತಂದಿದ್ದೆ. ಅಮ್ಮ ದೂರದಿಂದ ‘ಇದ್ಯಾಕೆ’ ಎಂಬಂತೆ ಕೈ ತಿರುಗಿಸಿದಳು. ಸಾರ್ ಮೈಕನ್ನು ನನ್ನ ಕಡೆ ತಿರುಗಿಸಿ, “ಓದಮ್ಮ, ಊಟದ ಹೊತ್ತಾಯ್ತು” ಅಂದರು. ಚೀಟಿಯನ್ನು ಮಡಿಚಿ ಡೈರಿಯೊಳಗೆ ಇಟ್ಟು ಡೈರಿ ಮುಚ್ಚಿದೆ. ಸಾರ್ ಮುಖದ ನಗು ಅರ್ಧಕ್ಕೆ ನಿಂತಿತು. “ವಾರಿಜಾ” ಎಂದರು ಮೆಲ್ಲಗೆ, “ಕೆಲಸ ಹೋಗುತ್ತೆ.” ಬಿಟ್ಟುಬಿಟ್ಟು ಹೇಳಿದರೆ ಅರ್ಧ ಮಾತ್ರ ಪುಸ್ತಕಕ್ಕೆ ಹೋಗಿ ಇನ್ನರ್ಧ ಹೊರಗುಳಿಯುತ್ತದೆ, ಹೊಂಬಾಳಮ್ಮ ಹೋಗಿ ಕೆಂಚಪ್ಪ ಹೊರಗುಳಿಯುತ್ತಾನೆ, ಇಲ್ಲವೇ ಅವರಿಬ್ಬರೂ ಹೋಗಿ ನಾನು ತಪ್ಪಿಸಿಕೊಳ್ಳುತ್ತೇನೆ. ಹಾಗಾಗುವುದು ನನಗೆ ಬೇಕಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಮನಸ್ಸಿನ ಸ್ಲೇಟಿನಲ್ಲಿ ಮೊದಲೇ ಜೋಡಿಸಿಟ್ಟುಕೊಂಡಿದ್ದೆ. ಕೊಡೆಯ ಕಡ್ಡಿಯ ಮೇಲೆ ಹೆಬ್ಬೆರಳು ಒತ್ತಿಕೊಂಡು, ಎದೆ ತುಂಬ ಉಸಿರೆಳೆದುಕೊಂಡೆ.

“ಈ ತಿಂಗಳು ಒಂಬತ್ತು ದಿನ ಹೊಂಬಾಳಮ್ಮ, ನಂಜಮಣಿ ಇಬ್ಬರೂ ನಡುವೆ ಉಳಿದಿದ್ದರು, ಹೋದ ವರ್ಷ ಕೊಡೆ ರಿಪೇರಿ ಕೆಂಚಪ್ಪ ನಡುವೆ ಉಳಿದು ವಾಪಸು ಬರಲಿಲ್ಲ, ಅವನು ಈ ಊರಿನಲ್ಲಿ ಇದ್ದ, ಮತ್ತು ಅವರನ್ನು ಕಳೆದ ಆ ಗುಂಡಿಯನ್ನು ಬರೆದವಳು ನಾನು.”